ತಾರೀಖು ಬರೆದ ಕ್ಯಾನು

ಮಂಡಕ್ಕಿ ಭಟ್ಟಿಯ ಮಸಿಯಲ್ಲೇ ಬರೆಯುತ್ತಿದ್ದಳು
ಪ್ಯಾರಿಮಾ, ಕ್ಯಾನಿನ ಹೊಟ್ಟೆಯ ಮೇಲೆ ತಾರೀಖು.
ಓದು ಬರದು, ಅಂಕಿ ಮಾತ್ರ ಗೊತ್ತು;
ಏಳು ಸದಾ ತಿರುಗುಮುರುಗು.

ಹರಿಹರದ ಗುಜರಿಯಿಂದ ನಾನು ತಂದ ನೀಲಿ ಡ್ರಮ್ಮಿಗೆ
ಮೂಗು ಹಚ್ಚಿ, “ಇದು ಮೊದಲು ಏನು ಕುಡಿದಿತ್ತೋ,
ಬಟ್ಟೆ ಒಗೆಯಾಕ ಇಟ್ಕೋ” ಅಂದಳು.

ಅವಳದು ಮಂಚದ ಕೆಳಗೆ, ಬಿಸಿಲು ಮುಟ್ಟದ ಕಡೆ:
ಕುದಿಸಿ ಆರಿಸಿದ್ದು, ಮುಚ್ಚಳ ಬಿಗಿದದ್ದು.
ಮೊಮ್ಮಗ ಲೋಟ ಅದ್ದಲು ಹೋದರೆ ಕೈಮೇಲೆ ಸೌಟು.
ನಾವು ನಗುತ್ತಿದ್ದೆವು, ನಿಧಿ ಕಾಯೋ ಹಾವು ಅಂತ.

ಆ ಸಲ ಭದ್ರಾ ಪೈಪು ಒಡೆದು ಹನ್ನೊಂದು ದಿನ.
ಬಾಷಾನಗರದ ಕೊಡಗಳೆಲ್ಲ ಬಾಯಿ ತೆರೆದು ಸಾಲಲ್ಲಿ.
ಒಂಬತ್ತನೇ ಮಧ್ಯಾಹ್ನ ವಾಲ್ವ್ ತಿರುಗಿಸುವ ಓಬಳೇಶ ಬಂದ,
ಬೀದಿಯ ಬೈಗುಳವೆಲ್ಲ ಹೊತ್ತು,
ಹೆಗಲ ಮೇಲೆ ಕಬ್ಬಿಣದ ಕೀಲಿ, ತುಟಿ ಒಡೆದು.
ನೀರು ಕೇಳಲು ಬಾಯಿ ಬರಲಿಲ್ಲ ಅವನಿಗೆ.

ಪ್ಯಾರಿಮಾ ಮಾತಾಡಲಿಲ್ಲ. ಕ್ಯಾನು ಎಳೆದಳು,
ಬೆರಳಿಟ್ಟು ತಾರೀಖು ಓದಿದಳು,
ಮುಚ್ಚಳ ತಿರುವಿದಳು.

ಎರಡು ಲೋಟ. ಮೂರನೆಯದು ಅವನೇ ಬೇಡವೆಂದ.

ನೀರು ಬಂದ ರಾತ್ರಿ, ಎರಡು ಗಂಟೆಗೆ,
ಉಳಿದದ್ದನ್ನು ಪುದೀನಕ್ಕೆ ಸುರಿದು ಕ್ಯಾನು ತಿಕ್ಕುತ್ತ
ಗೋಡೆಯಾಚೆಯಿಂದ ಕೂಗಿದಳು: “ಇವತ್ತೆಷ್ಟು ತಾರೀಖು?”
ಹದಿನೇಳು, ಅಂದೆ.
ಏಳು ಮತ್ತೆ ತಿರುಗುಮುರುಗು.