ಮೂರನೆಯ ಪದಕ

ಮುರೋರಾನಿನ ಬಂದರಿನ ಬೀದಿಯಲ್ಲಿ
ನನ್ನದೊಂದು ಗಡಿಯಾರದ ಅಂಗಡಿ.
ಈಗ ಯಾರ ಮಣಿಕಟ್ಟಿನಲ್ಲೂ ಗಡಿಯಾರವಿಲ್ಲ, ಇರಲಿ;
ಅಂಗಿಯ ಗುಂಡಿಯಷ್ಟಗಲದ ಅದೇ ಬ್ಯಾಟರಿ
ಆಟದ ಕ್ಯಾಸೆಟ್ಟಿನ ಹೊಟ್ಟೆಯಲ್ಲೂ ಇರುತ್ತದೆಂದು
ತಿಳಿದ ದಿನದಿಂದ ನನ್ನ ಒಲೆ ಉರಿಯುತ್ತಿದೆ.

ಇಸೊಗಾಯಿ ಬಂದದ್ದು ಫೆಬ್ರವರಿಯ ಒಂದು ಸಂಜೆ,
ಬೂಟಿನ ಹಿಮವನ್ನು ಹೊಸ್ತಿಲಲ್ಲೇ ಒದರಿ.
ಬಂದರಿನಲ್ಲಿ ಕ್ರೇನು ನಡೆಸುವವನು,
ಮೂವತ್ತೇಳರ ಗಂಡಸು,
ಕರವಸ್ತ್ರದ ಗಂಟು ಬಿಚ್ಚಿದ
ಗಾಯಗೊಂಡ ಗುಬ್ಬಿ ತಂದವನ ಹಾಗೆ.
ಒಳಗೆ, ಮೃಗ ಹಿಡಿಯುವ ಆ ಆಟದ ಎರಡನೆಯ ಭಾಗ.
ಈಗ ಎಷ್ಟನೆಯದು ನಡೆಯುತ್ತಿದೆಯೋ,
ಎಣಿಕೆ ನನಗೆ ತಪ್ಪಿಹೋಗಿದೆ.

"ಇದರ ಗಡಿಯಾರ ಹಿಂದೆ ಬೀಳುತ್ತಿದೆ, ಅಜ್ಜಿ.
ಇಲ್ಲಿ ಬೆಳಗಾದರೂ ಅಲ್ಲಿ ಇನ್ನೂ ರಾತ್ರಿ.
ಬ್ಯಾಟರಿ ಬದಲಿಸಿ. ನೆನಪು ಮಾತ್ರ ಅಳಿಯಬಾರದು."

ಮೊದಲ ಭಾಗದಲ್ಲಿ ಹೊತ್ತೇ ಇರಲಿಲ್ಲವಂತೆ,
ಯಾವಾಗ ತೆರೆದರೂ ಅದೇ ಮಧ್ಯಾಹ್ನ,
ಅದೇ ಹುಲ್ಲು, ನೆರಳಿಲ್ಲದ ದಾರಿ.
ಎರಡನೆಯದರಲ್ಲಿ ಹೊತ್ತು ಮುಳುಗಿತು.
ವಾರಗಳಿಗೆ ಹೆಸರು ಬಂತು,
ಶುಕ್ರವಾರ ಮಾತ್ರ ಗುಹೆಯಿಂದ ಇಣುಕುವ ಪ್ರಾಣಿ ಬಂತು.
ಊರಿನ ಮಕ್ಕಳು ಗುರುವಾರವನ್ನು
ಕಳೆಯುವುದು ಕಲಿತರು.

ಭೂತಗಾಜು ಕಣ್ಣಿಗೇರಿಸಿ ನಾನು ತಿರುಪು ಬಿಚ್ಚುವಾಗ
ಅವನು ಮಾತಾಡಿದ, ನನ್ನೊಡನಲ್ಲ,
ಗೋಡೆಯ ಗಡಿಯಾರಗಳೊಡನೆ:

ಉಕ್ಕಿನ ಕಾರ್ಖಾನೆಯ ಕುಲುಮೆಯೊಂದು ಆರಿದ ವರ್ಷ
ಚಿಗುಸಾಳ ಅಪ್ಪನಿಗೆ ದಕ್ಷಿಣಕ್ಕೆ ವರ್ಗವಾಯಿತು.
ಹಡಗುಕಟ್ಟೆಯ ಮೆಟ್ಟಿಲ ಮೇಲೆ
ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತರು,
ತಂತಿ ಅಷ್ಟೇ ಉದ್ದವಿತ್ತು.
ಅವಳ ಹೊಗೆಮರಿ ಮೊದಲ ಭಾಗದಿಂದ ಹೊರಟು
ತಂತಿಯೊಳಗೆ ತೆವಳಿ
ಇವನ ಎರಡನೆಯ ಭಾಗಕ್ಕೆ ದಾಟಿತು.
"ಬೇಸಿಗೆಯಲ್ಲಿ ಬಂದಾಗ ವಾಪಸ್ ಕೊಡು" ಅಂದಳು.
ಬೇಸಿಗೆಗೆ ಮುಂಚೆ ಹೊಗೆಮರಿ ಹೊಸ ವಿದ್ಯೆಯೊಂದನ್ನು ಕಲಿತುಬಿಟ್ಟಿತು.
ಹೊಸದು ಕಲಿತದ್ದಕ್ಕೆ ಹಳೆಯ ಭಾಗದಲ್ಲಿ ಜಾಗವಿಲ್ಲ,
ಆಟದ ಕಾನೂನು.
ಬೇಸಿಗೆಯಲ್ಲಿ ಅವಳೂ ಬರಲಿಲ್ಲ.

ಎರಡು ತಂತಿಗಳಿಂದ ಹೊರಗಿನ ವಿದ್ಯುತ್ತು ಹಿಡಿದೆ,
ಹಳೆಯ ಬ್ಯಾಟರಿಯ ಕಾಲಿಗೆ ಬೆಸುಗೆಕಡ್ಡಿ ಇಟ್ಟೆ.
ಸೀಸ ಕಣ್ಣೀರಿನಂತೆ ಕರಗಿತು ಎನ್ನಲಾರೆ,
ಸೀಸದಂತೆಯೇ ಕರಗಿತು.
ಹೊಗೆ ಎದ್ದಿತು. ಇಬ್ಬರೂ ಉಸಿರಾಡಲಿಲ್ಲ.
ಕೈ ನಡುಗಲಿಲ್ಲ, ಎಪ್ಪತ್ತೊಂದರ ಕೈ; ಆಮೇಲೆ ನಡುಗಿತು.

ತೆರೆ ಬೆಳಗಿತು. ಪಟ್ಟಿಯಲ್ಲಿ ಒಂದೇ ಒಂದು ಮೃಗ.
ಹೆಸರು: ಹೊಗೆಮರಿ.
ಮೊದಲು ಹಿಡಿದವರು: ಚಿಗುಸಾ.
ಪದಕಗಳ ಪೆಟ್ಟಿಗೆಯಲ್ಲಿ ಮೂರು. ಎಂಟರಲ್ಲಿ ಮೂರು.

"ಇಪ್ಪತ್ತಾರು ವರ್ಷಕ್ಕೆ ಮೂರೇ?" ಎಂದು
ಬಾಯಿ ಜಾರಿ ಕೇಳಿದೆ.
ಅವನು ಕೈಗವಸಿನ ಬೆರಳುಗಳನ್ನು
ಒಂದೊಂದಾಗಿ ನೆಟ್ಟಗೆ ಮಾಡುತ್ತ ಕೂತ.
"ಕೊಡುಗೆಯ ಮೃಗ ಮೊದಮೊದಲು ಮಾತು ಕೇಳುವುದಿಲ್ಲ, ಅಜ್ಜಿ.
ನಾಲ್ಕನೆಯ ಪದಕ ಗೆದ್ದರೆ
ಕೇಳತೊಡಗುತ್ತದೆ."

ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ.
ಹೊಗೆಯಲ್ಲೇ ಹುಟ್ಟಿದ್ದಕ್ಕೆ ಏನು ಹೇಳುವುದು?
ನಾನು ಗಾಜು ಒರೆಸಿದೆ, ಒರೆಸಿದ್ದನ್ನೇ ಒರೆಸಿದೆ.

ದುರಸ್ತಿಯಾದ ಮೇಲೆ ಪರೀಕ್ಷಿಸದೆ ಕೊಡುವವಳಲ್ಲ.
ಹುಲ್ಲಿಗೆ ಇಳಿಸಿದೆ, ಎದುರು ಒಂದು ಇಲಿಯಂಥದ್ದು ಬಂತು.
ಒತ್ತಿದೆ: ದಾಳಿ.
ತೆರೆಯ ಕೆಳಗೆ ಅಕ್ಷರಗಳು ಟಿಕ್ ಟಿಕ್ ಮೂಡಿದವು:
ಹೊಗೆಮರಿ ಕೇಳಿಸದಂತೆ ನಟಿಸಿತು.
ಮತ್ತೆ ಒತ್ತಿದೆ.
ಹೊಗೆಮರಿ ಆ ಕಡೆ ತಿರುಗಿ ಮಲಗಿತು.

ಅವನ ಮುಖ ಆಗ ಸಡಿಲಾಯಿತು,
ಹನ್ನೊಂದರ ಹುಡುಗನ ಮುಂಚೂಣಿ ಹಲ್ಲು ಕಂಡಿತು.
"ಸರಿಯಾಗಿದೆ, ಅಜ್ಜಿ" ಎಂದ.
ಎಂಟುನೂರು ಯೆನ್, ಚಿಲ್ಲರೆಯಲ್ಲೇ ಎಣಿಸಿ ಇಟ್ಟ.