ಏಳನೆಯ ಕಾಲಂ

ಫಾರಂ ಬಂದದ್ದು ಮಲಯಾಳದಲ್ಲಿ.
ಬದಿಯಡ್ಕ ಅಲ್ವಾ, ಕನ್ನಡದಲ್ಲೂ ಬೇಕು,
ನೀವೇ ಮಾಡಿ, ಟೀಚರ ಮಗಳು ತಾನೆ, ಅಂದರು ಸೆಕ್ರೆಟರಿ.
ಮೊದಲ ಸಾಲಿನಲ್ಲೇ ಎಡವಿದೆ:
ಪರಿಶೀಲಕ.
ಅವರಲ್ಲಿ ಹಾಗೆಂದರೆ ಕಲಿಸುವವನು,
ನಮ್ಮಲ್ಲಿ ತಪಾಸಣೆಗೆ ಬರುವವನು.
ಹೊಡೆದುಹಾಕಿ 'ತರಬೇತುದಾರ' ಎಂದು ಬರೆದೆ.
ಐತಪ್ಪ ಬಲಗಿವಿ ಮುಂದೆ ಮಾಡಿ ಕೇಳಿಸಿಕೊಂಡು
ಹದಿನೆಂಟು ಪ್ರತಿ ತೆಗೆದು ತಂದ.

ಕಾನೂನು ಬೇಕು ಅನ್ನುವವಳೇ ನಾನು.
ಮಿಸ್ರಿಯಾ ಬಂದಿದ್ದಳು, ಎಕ್ಸ್‌ರೇ ತೆಗೆದು
ಕಿಟಕಿಯ ಬೆಳಕಿಗೆ ಒಡ್ಡಿದಳು.
ಒಂಬತ್ತು ವರ್ಷದ ಮೊಣಕೈ,
ಸಿಗಿದ ಬಿದಿರ ಗಂಟಿನ ಹಾಗೆ.
ಕಲ್ಯಾಣಮಂಟಪದ ಮಾಳಿಗೆಯಲ್ಲಿ ಕರಾಟೆ,
ತಿಂಗಳಿಗೆ ಆರುನೂರು, ಬೆಲ್ಟಿಗೆ ಬೇರೆ.
ಇವರಿಗೆ ಕಲಿಸ್ಲಿಕ್ಕೆ ಯಾರು ಹೇಳಿದ್ದು, ಅಂದಳು.
ಆಟೋ ಓಡಿಸಲು ಲೈಸೆನ್ಸು, ಮೀನು ಮಾರಲು ಲೈಸೆನ್ಸು,
ಮಗುವಿನ ತೋಳು ತಿರುಚಲು ಬೇಡವೇ?
ಹೋಗಿ ನೋಡಿದೆ. ಗೋಡೆ ತುಂಬ ಸರ್ಟಿಫಿಕೇಟು,
ಒಂದಕ್ಕೆ ಚಿನ್ನದ ಮುದ್ರೆ, ಯಾವ ಊರಿನದೋ.
ಏಳನೆಯ ಕಾಲಂ, ಅರ್ಹತೆ:
ಅವನದು ಸಲೀಸಾಗಿ ತುಂಬಿತು.

ಅಂಬಾಡಿ ಗುರುಕ್ಕಳದು ತುಂಬಲಿಲ್ಲ.
ನೆಲ ಅಗೆದ ಕಳರಿ, ನಾಲ್ಕು ಮೆಟ್ಟಿಲು ಇಳಿದರೆ
ಎಳ್ಳೆಣ್ಣೆ, ಬೆವರು, ಕೆಮ್ಮಣ್ಣು.
ಮೂಲೆಯಲ್ಲಿ ಏಳು ಹಂತದ ಪೂತ್ತರ, ಅಷ್ಟೇ ದಾಖಲೆ.
'ಅಪ್ಪ ಕಲಿಸಿದ್ದು,' ಅಂದರು.
ಮರ್ಮ ಎಷ್ಟು ಮಂದಿಗೆ ಹೇಳಿಕೊಟ್ಟಿದ್ದೀರಿ?
'ಐವತ್ತು ವರ್ಷದಲ್ಲಿ ಮೂವರಿಗೆ.
ಹೇಳಿಕೊಡದೆ ಕಳಿಸಿದವರ ಹೆಸರು
ಎಲ್ಲಿ ಬರೀಲಿಕ್ಕೆ ಉಂಟು, ಮೋಳೇ?'
ಹುಡುಕಿದೆ. ಇರಲಿಲ್ಲ.

ಇಷ್ಟಕ್ಕೇ ನಾನು ಅವರ ಕಡೆಯವಳಾಗಿ
ಎದ್ದು ಬಂದುಬಿಡಬಹುದಿತ್ತು.
ಅವರೇ ಕೂರಿಸಿದರು.

'ಎಂಬತ್ತೇಳರಲ್ಲಿ ಒಬ್ಬ ಹುಡುಗ. ತುಳುವಿನವ,
ನನ್ನ ವಾಯ್ತಾರಿ ಅವನಿಗೆ ತಿಳೀತಿರಲಿಲ್ಲ.
ಅಮರ್ನ್ ಅಂದೆ. ಕೂರಲಿಲ್ಲ, ನಿಂತೇ ಇದ್ದ.
ಕೈ ಬೀಸಿದೆ. ಬರೀ ಅಂಗೈ.
ಕಿವಿಯಿಂದ ರಕ್ತ, ನೂಲಿನಷ್ಟು.
ಅವನಮ್ಮ ಬೀಡಿ ಸುರುಟುವ ಮೊರ ಕಂಕುಳಲ್ಲೇ ಹಿಡಿದು ಓಡಿಬಂದಳು,
ನನಗೇ ಕೈಮುಗಿದು ಕರಕೊಂಡು ಹೋದಳು.
ಯಾರೂ ಕೇಳಲಿಲ್ಲ.
ಕೇಳ್ತಾರೆ ಅಂತ ಇಷ್ಟು ವರ್ಷ ಕೂತೆ. ಈಗ ಫಾರಂ ಬಂತು.
ಬರಕೋ.'

ಕಾಲಂ ಇರಲಿಲ್ಲ. ಹಿಂಬದಿಗೆ ಬರೆದೆ, ಕನ್ನಡದಲ್ಲಿ;
ಅವರು ಮಲಯಾಳದಲ್ಲಿ ರುಜು ಹಾಕಿದರು.
ಹುಡುಗನ ಹೆಸರು ಮಾತ್ರ ಹೇಳಲಿಲ್ಲ.

ಸ್ಕ್ಯಾನಿಗೆ ಮುಂಬದಿ ಮಾತ್ರ ಬರುವುದು, ಅಂದರು ಸೆಕ್ರೆಟರಿ.

ಐತಪ್ಪಾ, ಎಂದು ಕರೆದೆ.
ಲಕೋಟೆಗೆ ಅಂಟು ಹಚ್ಚುತ್ತಿದ್ದವ ತಿರುಗಲಿಲ್ಲ.
ಎದ್ದು, ಮೇಜು ಬಳಸಿ,
ಅವನ ಬಲಕ್ಕೆ ಹೋಗಿ ನಿಂತೆ.
ಏನು ಕೇಳುವುದೆಂದು ಗೊತ್ತಿರಲಿಲ್ಲ.