ಮೂರು ಇಂಚು

ಅಳತೆ ಕೊಟ್ಟು ಹೊಲಿಸಿದ ಪರದೆ
ಅಳತೆಗೆ ಬರಲಿಲ್ಲ.

ಮೂರು ಇಂಚು ಮೇಲೆಯೇ ನಿಂತುಬಿಟ್ಟಿತ್ತು,
ಬೆಳೆಯುವ ಹುಡುಗಿಯ ಹೋದ ವರ್ಷದ ಲಂಗದ ಹಾಗೆ.
ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಬದನೆಕಾಯಿ ಬಣ್ಣ,
ನಿಟ್ಟುವಳ್ಳಿಯ ಬಿಸಿಲಿನಲ್ಲಿ
ಸೀದ ಹಾಲಿನ ಪಾತ್ರೆಯ ತಳ.

ಬಣ್ಣ ಹಾಳಾಗಲಿ.
ರಾತ್ರಿ ಪಾಳಿಯವಳು ನಾನು,
ಮಂಡಕ್ಕಿ ಭಟ್ಟಿಗಳ ಹೊಗೆ ಊರ ಮೇಲೆ ಏಳುವ ಹೊತ್ತಿಗೆ
ಕೈ ತೊಳೆದು, ಇನ್ನೊಮ್ಮೆ ತೊಳೆದು
ಆಸ್ಪತ್ರೆಯಿಂದ ಹೊರಬೀಳುವವಳು.
ನನಗೆ ಬೇಕಿದ್ದದ್ದು ಚಂದವಲ್ಲ,
ಒಂದು ಕೋಣೆಯಷ್ಟು ಕತ್ತಲು.
ಎರಡು ಸಾವಿರದ ನಾನೂರು ಎಣಿಸಿ ಕೊಂಡ ಕತ್ತಲಿನಲ್ಲಿ
ಮೂರು ಇಂಚು ಖೋತಾ.

ಎಂಟೂವರೆಗೆ ಬಿಸಿಲು ನೆಟ್ಟಗೆ ಕಣ್ಣಿಗೆ.
ಒಂಬತ್ತಕ್ಕೆ ಕುತ್ತಿಗೆ.
ಮಂಚದ ಕಾಲಿಗೆ ಇಳಿಯುವಾಗ ಹತ್ತು.
ಅಷ್ಟರಲ್ಲಿ ನನ್ನ ನಿದ್ದೆ
ಹರಿಹರ ದಾಟಿರುತ್ತದೆ.

ನಾಲ್ಕನೇ ದಿನ ಪರದೆ ಇಳಿಸಿ ಮಡಚಿ,
ಕೊಕ್ಕೆಗಳನ್ನು ಖಾಲಿ ಮಾತ್ರೆ ಡಬ್ಬಿಗೆ ಸುರಿದು
ಚೌಕಿಪೇಟೆ ಎಂದೆ ಆಟೋದವನಿಗೆ.
ದಾರಿಯುದ್ದ ಜಗಳವನ್ನು ಬಾಯಿಪಾಠ ಮಾಡಿದೆ.
ರೈಲ್ವೆ ಗೇಟು ಹಾಕಿತ್ತು. ಗೂಡ್ಸು.
ಐವತ್ತೆಂಟು ಡಬ್ಬಿ ಎಣಿಸಿ ಮುಗಿಸುವಷ್ಟರಲ್ಲಿ
ಒಳ್ಳೊಳ್ಳೆಯ ಮಾತುಗಳೇ ಮರೆತುಹೋದವು.

ಕತ್ತರಿ ಆಡಿದ ಬಟ್ಟೆ ವಾಪಸ್ ಇಲ್ಲ:
ಬೋರ್ಡಿನ ಕೆಳಗೇ ಕೂತಿದ್ದರು ಖಲಂದರ್ ಸಾಬರು,
ಕೊರಳಿಗೆ ಟೇಪು ಇಳಿಬಿಟ್ಟು,
ರೌಂಡ್ಸಿಗೆ ಬಂದ ದೊಡ್ಡ ಡಾಕ್ಟರ ಠೀವಿಯಲ್ಲಿ.

“ಜಗ್ಗತೈತಿ ಬಟ್ಟೆ. ಎರಡು ಸಲ ಒಗೀರಿ ತಾಯಿ.”
“ಒಗೆದರೆ ಕುಗ್ಗುತ್ತೆ, ಜಗ್ಗಲ್ಲ.”
“ರಾಡು ಇಳಿಸಿ ಹೊಡೀರಿ ಹಂಗಾರ.”
“ಗೋಡೆ ನಂದಲ್ಲ. ಬಾಡಿಗೆ.”
“ಅಳತಿ ನೀವೇ ಹೇಳಿದ್ದು.”
“ಬರಕೊಂಡಿದ್ದು ನೀವು. ತೆಗೀರಿ ಪುಸ್ತಕ.”

ಕೆಂಪು ರಟ್ಟಿನ ಪುಸ್ತಕ.
ಬೆರಳು ನನ್ನ ಹೆಸರಿನ ಮುಂದೆ ನಿಂತಿತು.
ಎರಡೇ ಅಂಕಿ, ಕನ್ನಡದವು.
“ಅರವತ್ತೊಂಬತ್ತು,” ಓದಿದರು,
ಓದಿ, ತಾವೇ ಸುಮ್ಮನಾದರು.

ಒಳಗೆ ಮಿಷನ್ನಿನ ಸದ್ದು ನಿಂತಿತು.
ಸೊಸೆ ನಗೀನಾ ಬಂದಳು, ಹೆಗಲ ತುಂಬ ದಾರದ ಚೂರು,
ಪುಟಕ್ಕೆ ತಲೆ ವಾರೆ ಮಾಡಿದಳು.
“ಎರಡೂ ಆರೇ ಅಲ್ಲೇನ್ ಮಾವಾ?”

ಆರರ ಬಾಲ ಎತ್ತ ಕಡೆ, ಒಂಬತ್ತರ ಬಾಲ ಎತ್ತ ಕಡೆ,
ಮೂವರೂ ಬಗ್ಗಿದೆವು.
ಹತ್ತು ವರ್ಷ ಕನ್ನಡ ಶಾಲೆಯಲ್ಲಿ ಮಗ್ಗಿ ಒಪ್ಪಿಸಿದವಳು,
ಆಮೇಲೆ ಈ ಅಂಕಿಗಳನ್ನು
ಬಸ್ಸಿನ ಹಣೆಯ ಮೇಲಷ್ಟೇ ಕಂಡವಳು,
ನಾನೂ ಥಟ್ಟನೆ ಹೇಳಲಾರದೆ ಹೋದೆ.

ನಮ್ಮ ವಾರ್ಡಿನಲ್ಲಿ
ಬಿಂದುವಿನ ಹಿಂದೊಂದು ಸೊನ್ನೆ ಹಾಕುತ್ತೇವೆ,
ಇನ್ನೊಬ್ಬಳ ಕೈಲಿ ಗಟ್ಟಿಯಾಗಿ ಓದಿಸುತ್ತೇವೆ.
ಅಲ್ಲಿ ತಪ್ಪಿದರೆ
ಬಾರ್ಡರು ಹಚ್ಚಲು ಬರುವುದಿಲ್ಲ.

“ರಾತ್ರಿ ಹೊಲೀತೀನ್ರಿ, ಕೂಸು ಮಲಗಿದ ಮ್ಯಾಗ,” ಅಂದಳು ನಗೀನಾ.
“ನೀವು ಮಲಗೋದು ಯಾವಾಗ?”
“ಬೆಳಿಗ್ಗೆ.”
“ನಂಗೂ ಕಲಿಸ್ರಿ ಅದನ್ನ.”

ಯಾರೂ ತಪ್ಪಾಯ್ತು ಅನ್ನಲಿಲ್ಲ.
ದುಡ್ಡೂ ವಾಪಸ್ ಬರಲಿಲ್ಲ.
ಆ ಥಾನು ಮುಗಿದಿತ್ತು; ಯಾರದೋ ಸೋಫಾಕ್ಕೆ ಕತ್ತರಿಸಿ ಉಳಿದ
ಹಳದಿ ಹೂವಿನ ಬಟ್ಟೆ ಹಚ್ಚಿದಳು,
ನಾನು ಸ್ಟೂಲಿನ ಮೇಲೆ ಕೂತು
ತೂಕಡಿಸುತ್ತಿರುವಾಗ.

ಮನೆಗೆ ತಂದು ತೂಗುಹಾಕಿದರೆ
ಹಚ್ಚಿದ್ದು ಆರು ಇಂಚು.

ವಾಪಸ್ ಒಯ್ಯಲಿಲ್ಲ.
ಹೆಚ್ಚಾದ ಮೂರು ಇಂಚು
ಕಿಟಕಿಯ ಕಟ್ಟೆಯ ಮೇಲೆ ಮಡಚಿಕೊಂಡು ಬಿದ್ದಿರುತ್ತದೆ.
ಓನರಮ್ಮನ ಬೆಕ್ಕು ದಿನಾ ಬಂದು
ಆ ಹಳದಿ ಹೂವುಗಳ ಮೇಲೆ ಮಲಗುತ್ತದೆ,
ನನಗಿಂತ ಮೊದಲು.